ಆಕ್ಸ್‌ಫರ್ಡ್‌ನಲ್ಲಿ ಬಿಸಿಎಲ್ ಸೀಟು ಸಿಕ್ಕಿದೆ, ಪತ್ರದಲ್ಲಿರೋ ಈ ಪದಗಳೆಲ್ಲ ಏನು?

ಸಿಂಧನೂರಿನಿಂದ ಕೇಳಿದ್ದೀರಿ. ತಂಗಿ ಮಗಳು ಲಾ ಮುಗಿಸಿದ್ದಾಳೆ, ಆಕ್ಸ್‌ಫರ್ಡ್‌ನಿಂದ ಬಂದ ಪತ್ರದಲ್ಲಿ ಮೆಟ್ರಿಕ್ಯುಲೇಷನ್, ಸಬ್‌ಫಸ್ಕ್, ಬ್ಯಾಟಲ್ಸ್, ನಾಟ್ತ್ ವೀಕ್ ಅಂತೆಲ್ಲ ಇದೆ, ಲೋನ್ ಕೇಳಿದ್ರೆ ಬ್ಯಾಂಕಿನವರು "ಇದು ಮತ್ತೆ ಬ್ಯಾಚುಲರ್ ಡಿಗ್ರಿನೇ ಅಲ್ವಾ" ಅಂತಿದ್ದಾರೆ, ಅಂತ.

ಮೊದಲು ಬ್ಯಾಂಕಿನ ಮಾತು. ಬಿಸಿಎಲ್ ಅಂದ್ರೆ ಬ್ಯಾಚುಲರ್ ಆಫ್ ಸಿವಿಲ್ ಲಾ. ಹೆಸರಿಗೆ ಬ್ಯಾಚುಲರ್, ಮಟ್ಟ ಮಾಸ್ಟರ್ಸ್‌ನದು. ಒಂದೇ ವರ್ಷದ ಕೋರ್ಸು, ಲಾ ಓದಿದವರಿಗೆ ಮಾತ್ರ. ಹೆಸರು ಹಳೇದು, ಬದಲಿಸಿಲ್ಲ ಅಷ್ಟೆ. ತತ್ತ್ವಶಾಸ್ತ್ರದ ಬಿಫಿಲ್ (ಬ್ಯಾಚುಲರ್ ಆಫ್ ಫಿಲಾಸಫಿ) ಕೂಡ ಹೀಗೇ. ಬ್ಯಾಂಕಿನವರ ಹತ್ರ ಬಾಯಲ್ಲಿ ವಾದ ಮಾಡಬೇಡಿ. ಯೂನಿವರ್ಸಿಟಿ ವೆಬ್‌ಸೈಟಿನಲ್ಲಿ ಇದು ಪದವಿ ನಂತರದ ಕೋರ್ಸು ಅಂತ ಬರೆದಿರೋ ಪುಟದ ಪ್ರಿಂಟ್ ತೆಗೆದು ಆಫರ್ ಲೆಟರ್ ಜೊತೆ ಲಗತ್ತಿಸಿ.

ಇನ್ನು ವಾರಗಳ ಲೆಕ್ಕ. ಎಡವಟ್ಟು ಜಾಸ್ತಿ ಆಗೋದೇ ಇಲ್ಲಿ. ವರ್ಷಕ್ಕೆ ಮೂರು ಟರ್ಮ್: ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಿಕಲ್‌ಮಸ್, ಜನವರಿಯಿಂದ ಮಾರ್ಚ್‌ವರೆಗೆ ಹಿಲರಿ, ಏಪ್ರಿಲ್‌ನಿಂದ ಜೂನ್‌ವರೆಗೆ ಟ್ರಿನಿಟಿ. ಒಂದೊಂದೂ 8 ವಾರ. ಅಲ್ಲಿ ಯಾರೂ ತಾರೀಖು ಹೇಳಲ್ಲ, "ಐದನೇ ವಾರದ ಗುರುವಾರ" ಅಂತಾರೆ. ವಾರ ಶುರುವಾಗೋದು ಭಾನುವಾರ. ಹಾಗಾಗಿ "ಮೂರನೇ ವಾರದ ಭಾನುವಾರ" ಅಂದ್ರೆ ಆ ವಾರದ ಸೋಮವಾರಕ್ಕಿಂತ ಹಿಂದಿನ ದಿನ. ಮೊದಲನೇ ವಾರಕ್ಕಿಂತ ಮುಂಚಿನದು ನಾಟ್ತ್ ವೀಕ್, ಸೊನ್ನೆ ವಾರ. ಹೊಸಬರಿಗೆ ಕಾಲೇಜು ತೋರಿಸೋದು, ಕಾರ್ಡ್ ಕೊಡೋದು, ಕೋರ್ಸಿನ ಪರಿಚಯ ಎಲ್ಲ ಆಗಲೇ ನಡೆಯೋದು. "ಫಸ್ಟ್ ವೀಕ್‌ನಿಂದ ಕ್ಲಾಸು" ಅಂತ ಓದಿ ಆ ವಾರಕ್ಕೆ ಟಿಕೆಟ್ ಮಾಡಿದವರು ಇದನ್ನೆಲ್ಲ ತಪ್ಪಿಸಿಕೊಳ್ತಾರೆ. ಹೈದರಾಬಾದಿನಿಂದ ಹೋಗಲಿ, ಬೆಂಗಳೂರಿನಿಂದ ಹೋಗಲಿ, ಸೊನ್ನೆ ವಾರಕ್ಕೂ ಎರಡು ದಿನ ಮೊದಲೇ ಇಳಿಯೋ ಹಾಗೆ ಟಿಕೆಟ್ ಮಾಡಿಸಿ.

ಮೆಟ್ರಿಕ್ಯುಲೇಷನ್ ಓದಿ ನಮ್ಮ ಕಡೆಯವರು ಹತ್ತನೇ ಕ್ಲಾಸಿನ ಮಾರ್ಕ್ಸ್‌ಕಾರ್ಡ್ ಹುಡುಕೋಕೆ ಹೋಗ್ತಾರೆ. ಅದಲ್ಲ. ಯೂನಿವರ್ಸಿಟಿಗೆ ವಿಧಿವತ್ತಾಗಿ ಸೇರಿಸಿಕೊಳ್ಳೋ ಸಮಾರಂಭ ಇದು. ಸಾಮಾನ್ಯವಾಗಿ ಮಿಕಲ್‌ಮಸ್‌ನ ಮೊದಲನೇ ವಾರದ ಶನಿವಾರ, ಯೂನಿವರ್ಸಿಟಿಯ ಸಮಾರಂಭ ನಡೆಯೋ ಶೆಲ್ಡೋನಿಯನ್ ಥಿಯೇಟರಿನಲ್ಲಿ. ಲ್ಯಾಟಿನ್‌ನಲ್ಲಿ ಎರಡು ಮಾತು, ಬೇಗ ಮುಗಿಯುತ್ತೆ.

ಅವತ್ತಿನ ಉಡುಪೇ ಸಬ್‌ಫಸ್ಕ್. ಪರೀಕ್ಷೆಗೂ ಇದೇ ಬೇಕು. ಕಪ್ಪು ಅಥವಾ ಗಾಢ ಬಣ್ಣದ ಸೂಟು, ಕಾಲರ್ ಇರೋ ಸಾದಾ ಬಿಳಿ ಅಂಗಿ, ಕಪ್ಪು ಶೂ, ಗಾಢ ಬಣ್ಣದ ಸಾಕ್ಸು, ಕೊರಳಿಗೆ ಕಪ್ಪು ಟೈ, ಬೋ ಅಥವಾ ಕಪ್ಪು ರಿಬ್ಬನ್. ಮೇಲೆ ಗೌನು, ಕೈಯಲ್ಲಿ ಚೌಕ ಟೋಪಿ. ನಿಮ್ಮ ಹುಡುಗಿ ಕೋರ್ಟಿಗೆ ಹೋಗೋಕೆ ಹೊಲಿಸಿದ ಕರಿ ಕೋಟು, ಕರಿ ಪ್ಯಾಂಟು, ಬಿಳಿ ಅಂಗಿ ಇದ್ರೆ ಮುಕ್ಕಾಲು ಕೆಲಸ ಮುಗೀತು. ವಕೀಲರ ಬಿಳಿ ಬ್ಯಾಂಡ್ ಮಾತ್ರ ಬೇಡ. ಬಳ್ಳಾರಿ ಜೀನ್ಸು ಎಷ್ಟು ಕಪ್ಪಗಿದ್ರೂ ನಡೆಯಲ್ಲ. ಗೌನು ಇಲ್ಲಿಂದ ಆನ್‌ಲೈನಲ್ಲಿ ತರಿಸಬೇಡಿ. ಡಿಗ್ರಿ ಹುಡುಗರ ಕಾಮನರ್ಸ್ ಗೌನು ಗಿಡ್ಡ, ಪಿಜಿಯವರದು ಉದ್ದ. ಅಗ್ಗಕ್ಕೆ ಸಿಗೋದು ಹೆಚ್ಚಾಗಿ ಗಿಡ್ಡದ್ದೇ.

ಬ್ಯಾಟಲ್ಸ್ ಅಂದ್ರೆ ಕಾಲೇಜಿನ ಬಿಲ್ಲು: ರೂಮು, ಊಟ, ಇತರೆ ಖರ್ಚು. ಟರ್ಮ್‌ಗೊಮ್ಮೆ ಬರುತ್ತೆ, ಗಡುವು ದಾಟಿದ್ರೆ ದಂಡ ಬೀಳಬಹುದು. ಕೋರ್ಸ್ ಫೀ ಬೇರೆ ಲೆಕ್ಕ, ಆದ್ರೂ ಕೆಲವು ಕಡೆ ಒಂದೇ ಬಿಲ್ಲಿನಲ್ಲಿ ಸೇರಿಸ್ತಾರೆ. ಲೋನಿನ ಕಂತು ಕೇಳೋ ಮುಂಚೆ ಸಾಲು ಸಾಲು ಓದಿ. ಇಲ್ಲಿಂದ ಹಣ ಕಳಿಸುವಾಗ ನಡುವಿನ ಬ್ಯಾಂಕುಗಳು ಚಾರ್ಜು ಮುರ್ಕೊಂಡು ಮೊತ್ತ ಕಡಿಮೆ ತಲುಪುತ್ತೆ, ಬಾಕಿ ಹಾಗೇ ಉಳಿಯುತ್ತೆ. ಫಾರ್ಮಿನಲ್ಲಿ ಎಲ್ಲ ಚಾರ್ಜೂ ಕಳಿಸುವವರದು ಅನ್ನೋ ಆಯ್ಕೆಗೆ ಟಿಕ್ ಹಾಕಿ.

ಉಳಿದವು ಅಲ್ಲಿ ಹೋದ ಮೇಲೆ ತಾನೇ ಬರ್ತಾವೆ. ಸ್ಕೌಟ್ ಅಂದ್ರೆ ರೂಮು ಗುಡಿಸಿ ಒರೆಸುವವರು, ಲಾಡ್ಜ್ ಅಂದ್ರೆ ಗೇಟಿನ ಹತ್ರ ಪೋರ್ಟರ್ ಕೂರೋ ಜಾಗ, ಪಿಜ್ ಅಂದ್ರೆ ನಿಮಗೆ ಬಂದ ಅಂಚೆ ಹಾಕಿಡೋ ಗೂಡು. ಎಂಸಿಆರ್ ಅಂದ್ರೆ ಪಿಜಿಯವರ ಕೂಟ, ಅವರು ಸೇರೋ ಕೋಣೆಯೂ ಹೌದು. ಬಾಡ್ ಅಂದ್ರೆ 1602ರಲ್ಲಿ ತೆರೆದ ಬಾಡ್ಲಿಯನ್ ಲೈಬ್ರರಿ. ಲಾದವರ ಶಾಖೆ ಲಾ ಬಾಡ್. ಅಲ್ಲಿ ಪುಸ್ತಕ ಮನೆಗೆ ಕೊಡಲ್ಲ, ಕೂತೇ ಓದಬೇಕು. ಪರೀಕ್ಷೆಗೆ ಕೋಟಿಗೆ ಹೂ ಸಿಕ್ಕಿಸೋ ರೂಢಿ ಇದೆ: ಮೊದಲ ಪೇಪರಿಗೆ ಬಿಳಿ ಕಾರ್ನೇಷನ್, ನಡುವಿನವಕ್ಕೆ ಗುಲಾಬಿ ಬಣ್ಣದ್ದು, ಕೊನೇದಕ್ಕೆ ಕೆಂಪು. ನಿಯಮವೇನಲ್ಲ. ಮ್ಯಾಗ್ಡಲೆನ್ ಅಂತ ಬರೆದಿರೋ ಕಾಲೇಜನ್ನ ಮಾಡ್ಲಿನ್ ಅನ್ನಬೇಕು. ಅಂದ ಹಾಗೆ, ನೆಟ್ಟಲ್ಲಿ ಹುಡುಕಿದಾಗ ಬೆಡ್ಡರ್, ಲೆಂಟ್ ಟರ್ಮ್, ಮೇ ವೀಕ್ ಅಂತ ಬಂದ್ರೆ ಅದು ಕೇಂಬ್ರಿಡ್ಜಿನ ಪಟ್ಟಿ, ಮುಚ್ಚಿಬಿಡಿ.

ಫಾರ್ಮಲ್ ಅಂತ ಇನ್ವಿಟೇಷನ್ ಬಂದ್ರೆ ಅದು ಹಾಲ್‌ನಲ್ಲಿ ರಾತ್ರಿ ಊಟ, ಹೆಚ್ಚಿನ ಕಾಲೇಜುಗಳಲ್ಲಿ ಗೌನು ಹಾಕಿಕೊಂಡೇ. ಪ್ರಾರ್ಥನೆ ಮುಗಿಯೋವರೆಗೆ ನಿಂತಿರಬೇಕು. ಸಸ್ಯಾಹಾರಿ ಆದ್ರೆ ಬುಕ್ ಮಾಡುವಾಗಲೇ ಹೇಳಬೇಕು, ಮೇಜಿಗೆ ಕೂತ ಮೇಲೆ ಕೇಳಿದ್ರೆ ಸಿಗೋದು ಕಷ್ಟ. ಅಲ್ಲಿ ವೆಜಿಟೇರಿಯನ್‌ನಲ್ಲಿ ಮೊಟ್ಟೆ ಸೇರಿರುತ್ತೆ. ಅದೂ ಆಗಲ್ಲ ಅಂದ್ರೆ ಬೇರೆಯಾಗಿ ಬರೆಯಬೇಕು.