ತೋಟಕ್ಕೇ ಆನೆ ಬರ್ತವೆ, ಆಫ್ರಿಕಾಕ್ಕೆ ಯಾಕೆ ಸಾರ್?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ದು ಸಕಲೇಶಪುರದ ಹತ್ರ ಕಾಫಿ ತೋಟ. ಕಾಫಿಗೆ ಒಳ್ಳೆ ರೇಟು ಸಿಕ್ತಲ್ಲ, ಮಗಳು ಹಠ ಹಿಡಿದು ಕೂತಿದಾಳೆ, ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯಕ್ಕೆ ಚಿಕ್ಕ ವಿಮಾನದಲ್ಲಿ ಹೋಗಿ ಮೂರು ರಾತ್ರಿ ಲಕ್ಸುರಿ ಟೆಂಟಲ್ಲಿದ್ದು ಬರೋ ಪ್ಯಾಕೇಜಂತೆ. ನಮ್ಮನೆಯವಳು ಕೇಳ್ತಾಳೆ, ದಿನಾ ರಾತ್ರಿ ನಮ್ಮ ಬಾಳೆ ತಿನ್ನಕ್ಕೆ ಆನೆ ಬರ್ತವೆ, ಅದನ್ನ ನೋಡಕ್ಕೆ ಲಕ್ಷಗಟ್ಟಲೆ ಸುರೀಬೇಕಾ ಅಂತ. ನನ್ನ ಡೌಟು ಬೇರೆ. ನೈರೋಬಿಯಿಂದ ಜೀಪಲ್ಲೇ ಹೋದ್ರೆ ಸುಮಾರು ದುಡ್ಡು ಉಳಿಯಲ್ವಾ? ತೋಟ ಬಿಟ್ಟು ಒಂದು ವಾರದ ಮೇಲೆ ಇರಕ್ಕಾಗಲ್ಲ.
– ಸಕಲೇಶಪುರದ ಓದುಗರು

ಉತ್ತರ: ನಿಮ್ಮ ಮನೆಯವರಿಗೆ ಮೊದ್ಲು ಉತ್ತರ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಅವ್ರು ಮುಂದೆ ಓದಲ್ಲ. ತೋಟದಲ್ಲಿ ನಾವು ಆನೆ ನೋಡೋದಕ್ಕಿಂತ ಅದು ಬಂದು ಹೋಗಿದ್ದನ್ನ ನೋಡೋದೇ ಜಾಸ್ತಿ ಅಲ್ವಾ ಅಮ್ಮಾ, ಮುರಿದ ಗಿಡ, ಕಿತ್ತ ಬೇಲಿ, ಲದ್ದಿ. ಕಂಡ್ರೂ ಟಾರ್ಚ್ ಬೆಳಕಲ್ಲಿ, ಎದೆ ಢವಢವ ಅಂತಿರ್ವಾಗ. ಅಲ್ಲಿ ಬೆಳಗ್ಗೆ ಬಿಸಿಲಲ್ಲಿ ಬಟಾಬಯಲಲ್ಲಿ ಇಡೀ ಹಿಂಡು ಮರಿಗಳ ಸಮೇತ ಹುಲ್ಲು ಕಿತ್ಕೊಂಡು ತಿಂತಾ ನಿಮ್ಮ ಗಾಡಿ ಪಕ್ಕದಲ್ಲೇ ಹಾದು ಹೋಗತ್ತೆ, ನೀವು ಸುಮ್ನೆ ಕೂತು ನೋಡ್ತಿರಬಹುದು. ಆನೆನೂ ಬೇರೆ ಜಾತಿ. ಕಿವಿ ನಮ್ಮ ಆನೆಗಿಂತ ತುಂಬಾ ದೊಡ್ಡದು, ಹೆಣ್ಣಿಗೂ ದಂತ ಇರತ್ತೆ. ನಮ್ಮಲ್ಲಿ ಗಂಡಿಗೆ ಮಾತ್ರ, ಅದ್ರಲ್ಲೂ ಮಖ್ನಾ ಆದ್ರೆ ಅದೂ ಇಲ್ಲ.

ಈಗ ಜೀಪಿನ ಲೆಕ್ಕ. ನೈರೋಬಿಯಿಂದ ಮಾರಾಗೆ ನಾರೋಕ್ ಅನ್ನೋ ಊರಿನ ಮೇಲೆ ಹೋದ್ರೆ ಐದಾರು ಗಂಟೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದೋರಿಗೆ ಆ ಸುಸ್ತು ಏನು ಅಂತ ಗೊತ್ತು. ಹೋಗಿ ಬರೋದಕ್ಕೆ ಎರಡು ಹಗಲು ಹಾಳು. ವಿಮಾನದಲ್ಲಾದ್ರೆ ಮುಕ್ಕಾಲು ಗಂಟೆ, ಹೆಚ್ಚಂದ್ರೆ ಒಂದು ಗಂಟೆ, ಬೆಳಗ್ಗೆ ಹತ್ತಿದ್ರೆ ಮಧ್ಯಾಹ್ನದ ಊಟಕ್ಕೆ ಮುಂಚೆನೇ ಸಿಂಹ ನೋಡಿರ್ತೀರಾ. ಎಂಟು ಹತ್ತು ದಿನ ಇರೋರು ರೋಡಲ್ಲೇ ಹೋಗ್ಲಿ, ದಾರಿಲಿ ರಿಫ್ಟ್ ವ್ಯಾಲಿ ಅನ್ನೋ ದೊಡ್ಡ ಕಣಿವೆ ನೋಡೋದೂ ಚೆಂದ. ಆದ್ರೆ ಮೂರೇ ರಾತ್ರಿ ಅಂದ್ರೆ ಆ ಟಿಕೆಟ್ ದುಡ್ಡನ್ನ ಲಕ್ಸುರಿ ಅಂತ ಅನ್ಕೋಬೇಡಿ, ಎರಡು ದಿನ ಕೊಂಡ್ಕೊಂಡ್ರಿ ಅನ್ಕೊಳ್ಳಿ. ಹಾಗೇ ಮೂರು ರಾತ್ರಿನೂ ಒಂದೇ ಕ್ಯಾಂಪಲ್ಲಿರಿ. ಏಜೆಂಟರು ಒಂದು ರಾತ್ರಿ ಅಂಬೋಸೆಲಿ, ಒಂದು ರಾತ್ರಿ ನಕುರು ಅಂತ ಬೇರೆ ಪಾರ್ಕುಗಳನ್ನೂ ಸೇರಿಸ್ತಾರೆ, ಒಪ್ಕೋಬೇಡಿ, ಗಂಟು ಕಟ್ಟೋದು ಬಿಚ್ಚೋದ್ರಲ್ಲೇ ಮುಗಿದೋಗತ್ತೆ.

ವಿಮಾನ ಅಂದ್ರೆ ಕೆಂಪೇಗೌಡ ಏರ್ಪೋರ್ಟಿನ ಕಲ್ಪನೆ ಬೇಡ. ನೀವು ಇಳಿಯೋದು ಜೋಮೊ ಕೆನ್ಯಾಟಾ ಏರ್ಪೋರ್ಟಲ್ಲಿ, ಮಾರಾದ ಚಿಕ್ಕ ವಿಮಾನ ಹೊರಡೋದು ವಿಲ್ಸನ್ ಅನ್ನೋ ಬೇರೆ ಏರ್ಪೋರ್ಟಿಂದ, ಮಧ್ಯೆ ನೈರೋಬಿ ಟ್ರಾಫಿಕ್ಕು, ಅದಕ್ಕೇ ರಾತ್ರಿ ಲೇಟಾಗಿ ಇಳಿಯೋರು ಊರಲ್ಲೇ ಮಲಗಿ ಬೆಳಗ್ಗೆ ಹೋಗೋದು ಒಳ್ಳೇದು. ಸಾಮಾನ್ಯವಾಗಿ ಸೆಸ್ನಾ ಕ್ಯಾರವಾನ್, ಹನ್ನೆರಡು ಜನ ಹಿಡಿಯೋ ಒಂದೇ ಇಂಜಿನ್ನಿನ ವಿಮಾನ. ನಮ್ಮ ಹಾಸನ–ಬೇಲೂರು ಪ್ರೈವೇಟ್ ಬಸ್ಸಿನ ತರ, ಮಾರಾ ಒಳಗಿನ ಕೀಕೊರೋಕ್ ಏರ್‌ಸ್ಟ್ರಿಪ್ಪಲ್ಲಿ ಇಬ್ಬರನ್ನ ಇಳಿಸಿ ಓಲ್ ಕಿಯೊಂಬೋದಲ್ಲಿ ನಾಲ್ಕು ಜನನ ಹತ್ತಿಸ್ಕೊಂಡು ಹೋಗ್ತಿರತ್ತೆ, ಕಂಡಕ್ಟರ್ ಒಬ್ಬ ಇಲ್ಲ ಅಷ್ಟೇ. ರನ್‌ವೇ ಅಂದ್ರೆ ಮಣ್ಣಿನ ಪಟ್ಟಿ, ಜೀಬ್ರಾ ನಿಂತಿದ್ರೆ ಮೊದ್ಲು ಓಡಿಸ್ಬೇಕು. ಮಧ್ಯಾಹ್ನ ಬಿಸಿ ಗಾಳಿಗೆ ಕುಲುಕಾಟ ಜಾಸ್ತಿ, ವಾಂತಿ ಬರೋರು ಬೆಳಗಿನ ಫ್ಲೈಟೇ ಕೇಳಿ.

ಲಗೇಜು ಒಬ್ಬರಿಗೆ 15 ಕೆಜಿ, ಕೈಚೀಲ ಕ್ಯಾಮೆರಾ ಎಲ್ಲಾ ಸೇರಿ. ಟ್ರಾಲಿ ಸೂಟ್‌ಕೇಸ್ ಬೇಡ, ಹೊಟ್ಟೆ ಕೆಳಗಿನ ಡಿಕ್ಕಿ ತುಂಬಾ ಚಿಕ್ಕದು, ಬಗ್ಗೋ ಬಟ್ಟೆ ಬ್ಯಾಗೇ ಆಗ್ಬೇಕು. ನಮಗಿದು ಗೊತ್ತಿರ್ಲಿಲ್ಲ. ವಿಲ್ಸನ್ನಲ್ಲಿ ಎಲ್ಲರ ಮುಂದೆ ಸೂಟ್‌ಕೇಸ್ ಬಿಚ್ಚಿ, ಸ್ವೆಟರು ಟವೆಲ್ಲು ಎಲ್ಲಾ ಹೊರಗೆ ಹಾಕ್ಕೊಂಡು, ನಮ್ಮತ್ತೆ ಕಟ್ಟಿಕೊಟ್ಟ ಎರಡು ಕೆಜಿ ಚಕ್ಕುಲಿನ ಅಲ್ಲಿದ್ದೋರಿಗೆಲ್ಲ ಹಂಚಿ ಹೋಗಿದ್ದಾಯ್ತು. ಇನ್ನೊಂದು, 2017ರಿಂದ ಕೀನ್ಯಾದಲ್ಲಿ ಪ್ಲಾಸ್ಟಿಕ್ ಕವರ್ ಬ್ಯಾನು. ನಮ್ಮೋರು ಚಪ್ಪಲಿಗೊಂದು ಒದ್ದೆ ಬಟ್ಟೆಗೊಂದು ಅಂತ ಕವರ್ ತುಂಬ್ಕೊಂಡು ಹೋಗ್ತಾರೆ, ಮನೇಲೇ ಬಿಟ್ಟು ಹೋಗಿ.

ಯಾವಾಗ ಅಂತ ನೀವು ಕೇಳಿಲ್ಲ, ಆದ್ರೂ ಪ್ಲಾಂಟರಿಗೆ ಮುಖ್ಯ ಅದೇ. ಸೆರೆಂಗೆಟಿ ಕಡೆಯಿಂದ ಲಕ್ಷಗಟ್ಟಲೆ ವಿಲ್ಡಬೀಸ್ಟು, ಅಂದ್ರೆ ದನದ ತರ ಕಾಣೋ ದೊಡ್ಡ ಹುಲ್ಲೆ, ಮಾರಾಗೆ ಬರೋದು ಜುಲೈಯಿಂದ ಅಕ್ಟೋಬರ್. ನಿಮ್ಮ ಅರೇಬಿಕಾ ಕುಯ್ಲು ಶುರುವಾಗೋದು ನವೆಂಬರಿಗೆ. ಸೆಪ್ಟೆಂಬರಲ್ಲಿ ಹೋಗ್ಬನ್ನಿ, ಇಲ್ಲಿ ಮಳೆನೂ ಸ್ವಲ್ಪ ಬಿಟ್ಟಿರತ್ತೆ. ಆದ್ರೆ ಆ ಹಿಂಡು ಮಾರಾ ನದಿ ದಾಟೋದನ್ನ ನೋಡೇ ಬರ್ತೀನಿ ಅಂತ ಶಪಥ ಮಾಡ್ಬೇಡಿ, ಅವು ದಡದಲ್ಲಿ ಮೂರು ಗಂಟೆ ನಿಂತು ಯೋಚ್ನೆ ಮಾಡಿ ವಾಪಸ್ ಹೋಗೋದೂ ಉಂಟು, ಹಿಂದೆ ಐವತ್ತು ಗಾಡಿ ಸಾಲಾಗಿ ಕಾಯ್ತಾ ಇರ್ತವೆ.

ದುಡ್ಡಿನ ವಿಷ್ಯಕ್ಕೆ ಬಂದ್ರೆ, ಪ್ಯಾಕೇಜಲ್ಲಿ ಪಾರ್ಕ್ ಫೀ ಸೇರಿದ್ಯಾ ಅಂತ ಬರವಣಿಗೆಲಿ ಕೇಳಿ. 2024ರಿಂದ ವಿದೇಶೀಯರಿಗೆ ಜನವರಿ–ಜೂನ್ ದಿನಕ್ಕೆ 100 ಡಾಲರ್, ಜುಲೈ–ಡಿಸೆಂಬರ್ 200. ಸೆಪ್ಟೆಂಬರಲ್ಲಾದ್ರೆ ಮೂರು ದಿನ ಇಬ್ಬರಿಗೆ 1,200 ಡಾಲರ್ ಅಲ್ಲೇ ಆಯ್ತು. ಪಕ್ಕದಲ್ಲಿ ನಾಬೊಯ್ಶೊ, ಮಾರಾ ನಾರ್ತ್ ಅಂತ ಕನ್ಸರ್ವೆನ್ಸಿಗಳಿವೆ, ಅವುಕ್ಕೆ ಫೀ ಬೇರೆ. ಅದು ಮಸಾಯಿ ಜನರ ಸ್ವಂತ ಜಮೀನು, ಕ್ಯಾಂಪಿನವರು ಲೀಸಿಗೆ ತಗೊಂಡು ಬಾಡಿಗೆ ಕೊಡ್ತಾರೆ. ಗಾಡಿ ಕಮ್ಮಿ, ರಾತ್ರಿ ಸಫಾರಿನೂ ಉಂಟು. ನಾನಾದ್ರೆ ಅಲ್ಲೇ ಉಳ್ಕೊಳ್ಳೋದು. ಅಲ್ಲಿ ಆನೆ ಓಡಾಡಿದ ಜಮೀನಿಗೆ ಬಾಡಿಗೆ, ನಮಗೆ ಪರಿಹಾರದ ಅರ್ಜಿ, ಅಂತ ಹೊಟ್ಟೆ ಉರಿದಿದ್ದು ಸುಳ್ಳಲ್ಲ. ಟೆಂಟಿಗೆ ಬೇಲಿ ಇರಲ್ಲ, ಕತ್ತಲಾದ್ಮೇಲೆ ಊಟಕ್ಕೆ ಹೋಗೋಕೂ ಆಸ್ಕರಿ, ಅಂದ್ರೆ ಕಾವಲುಗಾರ, ಟಾರ್ಚ್ ಹಿಡ್ಕೊಂಡು ಜೊತೆ ಬರ್ತಾನೆ. ಸಕಲೇಶಪುರದೋರಿಗೆ ಅದನ್ನ ಬಿಡಿಸಿ ಹೇಳೋದೇನಿದೆ.

ಪ್ರಶ್ನೆ: ಮುತ್ತೋಡಿಗೆ ಐದು ಸಲ ಹೋದ್ರೂ ಹುಲಿ ಕಂಡಿಲ್ಲ. ಆಫ್ರಿಕಾದಲ್ಲಿ ಗ್ಯಾರಂಟಿ ಕಾಣತ್ತಾ? ಚಿರತೆ?
– ಚಿಕ್ಕಮಗಳೂರಿನ ಓದುಗರು

ಉತ್ತರ: ಹುಲಿ ಆಫ್ರಿಕಾ ಕಾಡಲ್ಲಿ ಇಲ್ವೇ ಇಲ್ಲ ಸಾರ್, ಅದಕ್ಕೆ ಮುತ್ತೋಡಿಗೇ ಆರನೇ ಸಲ ಹೋಗಿ. ಮುತ್ತೋಡಿ ಇರೋ ಭದ್ರಾ ಕಾಡಿನ ಬಿದಿರು ಹಿಂಡಲಲ್ಲಿ ಹುಲಿ ಹತ್ತಡಿ ದೂರದಲ್ಲಿದ್ರೂ ಕಾಣಲ್ಲ, ಸವನ್ನಾ ಅಂದ್ರೆ ಹುಲ್ಲು ಬಯಲು, ಸಿಂಹ ಕಿಲೋಮೀಟರ್ ದೂರದಿಂದ ಕಾಣತ್ತೆ, ವ್ಯತ್ಯಾಸ ಅಷ್ಟೇ. ಚಿರತೆ ಇದೆ, ಆದ್ರೆ ಅಲ್ಲೂ ಬಚ್ಚಿಟ್ಕೊಳ್ಳೋ ಪ್ರಾಣಿನೇ. ಫೋಟೋ ಹಾಕಿ ಚಿರತೆ ಅಂತ ಬರೆಯೋರಲ್ಲಿ ಅರ್ಧ ಜನ ನೋಡಿರೋದು ಸಿವಂಗಿ, ಅಂದ್ರೆ ಚೀತಾ, 2022ರಲ್ಲಿ ನಮೀಬಿಯಾದಿಂದ ಕುನೋಗೆ ತಂದ್ರಲ್ಲ, ಅದು. ಕಣ್ಣಿಂದ ಬಾಯಿವರೆಗೆ ಕಪ್ಪು ಗೆರೆ ಇದ್ರೆ ಸಿವಂಗಿ.

ಪ್ರಶ್ನೆ: ಅಮ್ಮನಿಗೆ 66 ವರ್ಷ, ಶುದ್ಧ ಸಸ್ಯಾಹಾರಿ. ಕೀನ್ಯಾಕ್ಕೆ ಕರ್ಕೊಂಡು ಹೋಗಬಹುದಾ?
– ಅರಸೀಕೆರೆಯ ಓದುಗರು

ಉತ್ತರ: ಊಟದ ಚಿಂತೆ ಬಿಡಿ. 1896ರಿಂದ 1901ರವರೆಗೆ ಅಲ್ಲಿ ರೈಲು ಹಳಿ ಹಾಕಕ್ಕೆ ಸಾವಿರಾರು ಭಾರತೀಯರು ಹೋಗಿದ್ರು, ಅದಾದ್ಮೇಲೆ ಚಪಾತಿ, ಚಾಯ್ ಅಲ್ಲಿನ ಸ್ವಾಹಿಲಿ ಮಾತೇ ಆಗೋಗಿದೆ. ಉಗಾಲಿ ಅಂತ ಜೋಳದ ಹಿಟ್ಟಿನ ಮುದ್ದೆ ಕೊಡ್ತಾರೆ, ಮೆಕ್ಕೆಜೋಳದ್ದು, ಸೊಪ್ಪಿನ ಪಲ್ಯದ ಜೊತೆ, ಅಮ್ಮನಿಗೆ ಹಿಡಿಸಬಹುದು. ಕ್ಯಾಂಪಿಗೆ ಮೊದ್ಲೇ ತಿಳಿಸಿ.

ಚಿಂತೆ ಇರೋದು ಯೆಲ್ಲೋ ಫೀವರ್ ಲಸಿಕೆದು. ಸರ್ಕಾರ ಗುರುತಿಸಿದ ಕೇಂದ್ರದಲ್ಲಿ ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸ್ಬೇಕು, ಒಂದು ಸಲ ಹಾಕಿಸಿದ್ರೆ ಜೀವನಪೂರ್ತಿ ನಡೆಯತ್ತೆ. ಆದ್ರೆ 60 ದಾಟಿದೋರಿಗೆ ಅಡ್ಡ ಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ, ಟಿಕೆಟ್ ಮಾಡೋದಕ್ಕೆ ಮುಂಚೆನೇ ಡಾಕ್ಟರ ಹತ್ರ ಮಾತಾಡಿ, ಮಲೇರಿಯಾ ಮಾತ್ರೆ ವಿಷ್ಯನೂ ಅಲ್ಲೇ ಕೇಳಿ. ಸರ್ಟಿಫಿಕೇಟ್ ಇಲ್ದೆ ವಾಪಸ್ ಬಂದ್ರೆ ನಮ್ಮ ಏರ್ಪೋರ್ಟಲ್ಲೇ ಆರು ದಿನದವರೆಗೆ ಕ್ವಾರಂಟೈನಿಗೆ ಹಾಕಬಹುದು. ಆ ಸರ್ಟಿಫಿಕೇಟಿನ ಹಳದಿ ಪುಸ್ತಕನ ಪಾಸ್‌ಪೋರ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಕೈಚೀಲದಲ್ಲೇ ಇಟ್ಕೊಳ್ಳಿ, ಚೆಕ್ ಇನ್ ಬ್ಯಾಗಲ್ಲಿ ಹಾಕ್ಬೇಡಿ.