ಸಿಕ್ಕಿದ ತಲೆಬುರುಡೆ ತೋಳದ್ದೋ ಕತ್ತೆಕಿರುಬದ್ದೋ, ಗುರುತಿಸುವುದು ಹೇಗೆ?

ನೀವು ಕೇಳಿದ್ದು ಎರಡು ಪ್ರಶ್ನೆ. ಬೀಳಗಿ ಕಡೆಯ ಮಡ್ಡಿಯಲ್ಲಿ ಸಿಕ್ಕ, ಗೇಣಿಗಿಂತ ಚೂರು ಉದ್ದದ, ನೆತ್ತಿಯ ಮೇಲೆ ಎಲುಬಿನ ಏಣು ಇರುವ ಬುರುಡೆ ಯಾವುದರದು ಅನ್ನುವುದು ಒಂದು. ಕತ್ತೆಕಿರುಬ ನಾಯಿಯ ಬಳಗವೋ ಬೆಕ್ಕಿನ ಬಳಗವೋ ಅನ್ನುವುದು ಇನ್ನೊಂದು. ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಕತ್ತೆಕಿರುಬ ನಾಯಿಯೂ ಅಲ್ಲ, ಬೆಕ್ಕೂ ಅಲ್ಲ. ಅದರದು ಹಯೇನಿಡೀ ಎಂಬ ಬೇರೆಯೇ ಕುಟುಂಬ. ಆದರೆ ಆ ಕುಟುಂಬ ಇರುವುದು ಬೆಕ್ಕಿನ ಕಡೆಯ ಕವಲಿನಲ್ಲಿ. ನಿಮ್ಮ ಹೊಲದ ಬದುವಿನಲ್ಲಿ ಓಡಾಡುವ ಪ್ರಾಣಿಗಳ ಪೈಕಿ ಅದಕ್ಕೆ ತೀರಾ ಹತ್ತಿರದ ನೆಂಟ ಮುಂಗುಸಿ, ತೋಳವಲ್ಲ.

ನೋಡಲು ನಾಯಿಯ ಹಾಗಿರುವುದಕ್ಕೆ ಕಾರಣ ಬದುಕುವ ರೀತಿ. ಬಯಲಲ್ಲಿ ರಾತ್ರಿಯಿಡೀ ನಡೆದು ಹೊಟ್ಟೆ ಹೊರೆಯುವ ಪ್ರಾಣಿಗೆ ಉದ್ದ ಕಾಲು, ಬೆರಳುಗಳ ಮೇಲಿನ ನಡಿಗೆ, ಒಳಕ್ಕೆ ಎಳೆದುಕೊಳ್ಳಲಾಗದ ಮೊಂಡು ಉಗುರು ಅನುಕೂಲ. ತೋಳ ಇವನ್ನು ಒಂದು ದಾರಿಯಲ್ಲಿ ಪಡೆಯಿತು, ಕತ್ತೆಕಿರುಬ ಇನ್ನೊಂದು ದಾರಿಯಲ್ಲಿ. ಹಾಗಾಗಿ ಮೈಕಟ್ಟು ನೋಡಿ ಕುಟುಂಬ ಹೇಳಹೊರಟರೆ ಎಡವುತ್ತೇವೆ. 1791ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ ನಮ್ಮ ಕರಡಿಯ ಉದ್ದ ಉಗುರು ಮತ್ತು ಮೇಲ್ದವಡೆಯ ಮುಂದೆ ಕಡಿಮೆಯಿರುವ ಹಲ್ಲುಗಳನ್ನು ನೋಡಿ ಅದನ್ನು ಮರಕ್ಕೆ ಜೋತುಬಿದ್ದು ಬದುಕುವ ದಕ್ಷಿಣ ಅಮೆರಿಕದ ಸ್ಲಾತ್‌ಗಳ ಗುಂಪಿಗೇ ಸೇರಿಸಿಬಿಟ್ಟಿದ್ದ! ಆ ತಪ್ಪಿನ ಗುರುತಾಗಿ ಅದಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ‘ಸ್ಲಾತ್ ಬೇರ್’ ಎಂದೇ ಹೆಸರು.

ನಾಯಿ, ಬೆಕ್ಕು, ಕತ್ತೆಕಿರುಬ ಎಲ್ಲವೂ ಸೇರುವ ದೊಡ್ಡ ಗುಂಪು ಕಾರ್ನಿವೋರ ಗಣ. ಮಾಂಸ ತಿನ್ನುವುದು ಕೂಡ ಈ ಗಣದ ಗುರುತಲ್ಲ. ಗೆದ್ದಲು, ಹಣ್ಣು ತಿನ್ನುವ ಕರಡಿಯೂ ಇದರಲ್ಲಿದೆ, ಬಿದಿರು ತಿನ್ನುವ ಪಾಂಡಾ ಕೂಡ ಇದೆ. ನಿಜವಾದ ಗುರುತು ಒಂದು ಜೋಡಿ ಹಲ್ಲು: ಮೇಲಿನ ನಾಲ್ಕನೇ ಮುಂದವಡೆ ಹಲ್ಲು ಮತ್ತು ಕೆಳಗಿನ ಮೊದಲ ಹಿಂದವಡೆ ಹಲ್ಲು. ಬಾಯಿ ಮುಚ್ಚಿದಾಗ ಇವೆರಡೂ ಅಡಕೊತ್ತಿನ ಅಲಗುಗಳ ಹಾಗೆ ಒಂದರ ಪಕ್ಕಕ್ಕೆ ಒಂದು ಜಾರುತ್ತವೆ. ಇವಕ್ಕೆ ಕಾರ್ನೇಸಿಯಲ್ ಹಲ್ಲು ಅನ್ನುತ್ತಾರೆ. ಬೆಕ್ಕಿನಲ್ಲಿ ಅಲಗು ಹರಿತವಾಗಿ ಉಳಿದಿದೆ, ಕರಡಿಯಲ್ಲಿ ಸವೆದು ಅರೆಯುವ ಹಲ್ಲಾಗಿದೆ, ಆದರೆ ಜಾಗ ಅದೇ. ಈ ಗಣ ಎರಡು ಕವಲು. ನಾಯಿ, ತೋಳ, ನರಿ, ಕರಡಿ, ನೀರುನಾಯಿ ಒಂದು ಕಡೆ. ಬೆಕ್ಕು, ಚಿರತೆ, ಪುನುಗು ಬೆಕ್ಕು, ಮುಂಗುಸಿ, ಕತ್ತೆಕಿರುಬ ಇನ್ನೊಂದು ಕಡೆ. ಕವಲು ಹೇಳುವ ಹಳೆಯ ಗುರುತು ಕಿವಿಯ ಎಲುಬು. ಬುರುಡೆ ಮಗುಚಿದರೆ ಹಿಂಭಾಗದಲ್ಲಿ ಉಬ್ಬಿದ ಎರಡು ಟೊಳ್ಳು ಗೋಳ ಕಾಣುತ್ತವೆ, ಅವೇ ಬುಲ್ಲಾ. ಬೆಕ್ಕಿನ ಕವಲಿನಲ್ಲಿ ಇದರೊಳಗೆ ತೆಳು ಎಲುಬಿನ ಅಡ್ಡಗೋಡೆ ಇದ್ದು ಎರಡು ಕೋಣೆಯಾಗಿರುತ್ತದೆ. ನಾಯಿಯ ಕವಲಿನಲ್ಲಿ ಒಂದೇ ಕೋಣೆ, ಇಲ್ಲವೇ ಅರ್ಧಂಬರ್ಧ ಗೋಡೆ. 1869ರಲ್ಲಿ ಇಂಗ್ಲೆಂಡಿನ ಅಂಗರಚನಾ ತಜ್ಞ ವಿಲಿಯಂ ಫ್ಲವರ್ ಬುರುಡೆಯ ಈ ತಳಭಾಗವನ್ನೇ ಹಿಡಿದು ಗಣವನ್ನು ವಿಂಗಡಿಸಿದ. ಆದರೆ ಕತ್ತೆಕಿರುಬದಲ್ಲಿ ಗೋಡೆ ಬೆಕ್ಕಿನದರ ಹಾಗೆ ಕೂತಿರುವುದಿಲ್ಲ, ಒಡೆಯದೆ ಒಳಗೆ ನೋಡುವುದೂ ಕಷ್ಟ. ಅದನ್ನು ಬಿಟ್ಟು ಹಲ್ಲು ಎಣಿಸಿ.

ಕೆಳದವಡೆ ಇದ್ದರೆ ಕೆಲಸ ಅರ್ಧ ಮುಗಿದ ಹಾಗೆ. ಒಂದೇ ಮಗ್ಗುಲು ತೆಗೆದುಕೊಳ್ಳಿ, ಕೋರೆಹಲ್ಲು ಬಿಟ್ಟು ಅದರ ಹಿಂದಿರುವ ಹಲ್ಲುಗಳನ್ನಷ್ಟೇ ಎಣಿಸಿ. ತೋಳ, ನಾಯಿ, ನರಿಯಲ್ಲಿ ಏಳು. ಕತ್ತೆಕಿರುಬದಲ್ಲಿ ನಾಲ್ಕು. ಚಿರತೆ, ಕಾಡುಬೆಕ್ಕಿನಲ್ಲಿ ಮೂರು. ಖಾನಾಪುರದ ಭೀಮಗಡ ಕಾಡಿನಲ್ಲಿರುವ ಸೀಳುನಾಯಿಗೆ ಮಾತ್ರ ನಾಯಿ ಕುಟುಂಬದವನಾದರೂ ಆರೇ, ಕೊನೆಯ ಸಣ್ಣ ಹಲ್ಲು ಅದಕ್ಕಿಲ್ಲ. ಮೇಲ್ದವಡೆಯಲ್ಲಿ ಇದೇ ಲೆಕ್ಕ ನಾಯಿ ಕುಟುಂಬಕ್ಕೆ ಆರು, ಕತ್ತೆಕಿರುಬಕ್ಕೆ ಐದು, ಬೆಕ್ಕಿಗೆ ನಾಲ್ಕು. ಇಡೀ ಬಾಯಿಗೆ ತೋಳಕ್ಕೆ 42, ಕತ್ತೆಕಿರುಬಕ್ಕೆ 34, ಬೆಕ್ಕಿಗೆ 30.

ಎಣಿಕೆ ತಪ್ಪುವುದು ಸಾಮಾನ್ಯವಾಗಿ ಮೂರು ಕಡೆ. ಹಲ್ಲು ಉದುರಿದ್ದರೆ ಜನ ಗುಳಿ ಎಣಿಸುತ್ತಾರೆ, ಆದರೆ ಒಂದು ಹಲ್ಲಿಗೆ ಒಂದೇ ಗುಳಿ ಇರುವುದಿಲ್ಲ. ಮೇಲಿನ ಮೊದಲ ಮುಂದವಡೆ ಹಲ್ಲಿಗೆ ಒಂದು ಬೇರು, ಎರಡನೆಯದಕ್ಕೂ ಮೂರನೆಯದಕ್ಕೂ ಎರಡೆರಡು, ಕಾರ್ನೇಸಿಯಲ್ಲಿಗೆ ಮೂರು. ಗುಳಿಗಳನ್ನು ಹೀಗೆ ಗುಂಪು ಮಾಡಿ ಎಣಿಸದಿದ್ದರೆ ಕತ್ತೆಕಿರುಬವೂ ತೋಳವಾಗುತ್ತದೆ. ಎರಡನೆಯದು, ಕತ್ತೆಕಿರುಬದ ಮತ್ತು ಬೆಕ್ಕಿನ ಮೇಲಿನ ಹಿಂದವಡೆ ಹಲ್ಲು ಬಲು ಸಣ್ಣದು. ಕಾರ್ನೇಸಿಯಲ್ಲಿನ ಹಿಂದೆ ಒಳಮಗ್ಗುಲಿಗೆ ಅಡ್ಡಲಾಗಿ ಅಡಗಿರುತ್ತದೆ, ಪಕ್ಕದಿಂದ ನೋಡಿದರೆ ಕಾಣುವುದೇ ಇಲ್ಲ. ಕೆಳಗಿನಿಂದಲೇ ನೋಡಬೇಕು. ಮೂರನೆಯದು ಮರಿ. ನಾಯಿಮರಿಗೆ ಹಾಲುಹಲ್ಲು 28, ಆರೇಳು ತಿಂಗಳ ತನಕ ಮೇಲಿನ ಲೆಕ್ಕ ಯಾವುದೂ ಹೊಂದುವುದಿಲ್ಲ. ಎಲುಬಿನ ಬೆಸುಗೆಗಳು ಬಿಟ್ಟುಕೊಂಡಂತೆ ಕಂಡರೆ ಅದು ಮರಿಯದು.

ಎಣಿಕೆಗಿಂತ ನನಗೆ ಹೆಚ್ಚು ನಂಬಿಕೆ ಹಲ್ಲಿನ ಆಕಾರದ ಮೇಲೆ. ಕಾರ್ನೇಸಿಯಲ್ಲಿನ ಮುಂದಿನ ಹಲ್ಲು, ಅಂದರೆ ಮೇಲಿನ ಮೂರನೇ ಮುಂದವಡೆ ಹಲ್ಲು, ತೋಳದಲ್ಲಿ ಪಕ್ಕಕ್ಕೆ ಒತ್ತಿದಂತೆ ತೆಳ್ಳಗಿರುತ್ತದೆ. ಕತ್ತೆಕಿರುಬದಲ್ಲಿ ಅದು ದಪ್ಪ ಬುಡದ ಗಟ್ಟಿ ಶಂಕು. ಎಲುಬು ಒಡೆಯುವುದು ಇದರಿಂದಲೇ, ಕಾರ್ನೇಸಿಯಲ್ ಅಲಗು ಅದರ ಹಿಂದೆ ಸುರಕ್ಷಿತವಾಗಿ ಮಾಂಸ ಕತ್ತರಿಸಲು ಉಳಿಯುತ್ತದೆ. ತೋಳಕ್ಕೆ ಆ ವ್ಯವಸ್ಥೆ ಇಲ್ಲ, ಅದು ಎಲುಬನ್ನು ಕಾರ್ನೇಸಿಯಲ್ಲಿನ ಹಿಂದಿರುವ ಅಗಲ ಹಲ್ಲುಗಳಿಂದ ಅರೆಯುತ್ತದೆ. ವಯಸ್ಸಾದ ಕತ್ತೆಕಿರುಬದಲ್ಲಿ ಈ ಶಂಕು ಚಪ್ಪಟೆಯಾಗಿ ಸವೆದಿರುತ್ತದೆ, ಆದರೂ ಬುಡದ ದಪ್ಪ ಹಾಗೇ ಇರುತ್ತದೆ.

ನೀವು ಹೇಳಿದ ಏಣಿನಿಂದ ತೀರ್ಮಾನ ಆಗದು. ದವಡೆಯ ದೊಡ್ಡ ಸ್ನಾಯು ಅಂಟಿಕೊಳ್ಳುವ ಜಾಗ ಅದು. ಕತ್ತೆಕಿರುಬದಲ್ಲಿ ಎತ್ತರವಾಗಿರುತ್ತದೆ ನಿಜ, ಆದರೆ ಬಲಿತ ತೋಳಕ್ಕೂ ದೊಡ್ಡ ನಾಯಿಗೂ ಇರುತ್ತದೆ. ಸಿಕ್ಕ ಜಾಗವೂ ತೀರ್ಪು ಕೊಡುವುದಿಲ್ಲ. ನಿಮ್ಮ ಪಕ್ಕದ ಯಡಹಳ್ಳಿ ಚಿಂಕಾರ ವನ್ಯಧಾಮದಲ್ಲಿ ಎರಡೂ ಪ್ರಾಣಿ ಇವೆ, ಹಟ್ಟಿಗಳ ಸುತ್ತ ನಾಯಿಗಳಂತೂ ಇದ್ದೇ ಇವೆ.

ಕೆಳಗೆ ಏಳು, ಮೇಲೆ ಆರು ಬಂದರೆ ನಿಜವಾದ ಕಷ್ಟ ಆಗ ಶುರು: ತೋಳವೋ ನಾಯಿಯೋ? ಬೇರೆ ಊರಿನವರು ಉದ್ದ ಕಿರಿದಾದ ಬುರುಡೆ ಕಂಡರೆ ತೋಳ ಅಂದುಬಿಡುತ್ತಾರೆ. ಮುಧೋಳ ನಾಯಿಯ ಸೀಮೆಯಲ್ಲಿ ಆ ಮಾತು ನಡೆಯದು, ಅದರ ತಲೆಯೂ ಉದ್ದ, ಕಿರಿದು. ಕಣ್ಣುಗೂಡಿನ ಕೋನ ಅಳೆಯಿರಿ. ಬುರುಡೆಯನ್ನು ನೇರ ಎದುರಿನಿಂದ ಫೋಟೊ ತೆಗೆದು, ಕಣ್ಣುಗೂಡಿನ ಮೇಲಂಚಿನಿಂದ ಕೆಳಗಿನ ಹೊರ ಅಂಚಿಗೆ ಒಂದು ಗೆರೆ, ನೆತ್ತಿಗೆ ಅಡ್ಡಲಾಗಿ ಇನ್ನೊಂದು ಗೆರೆ ಎಳೆಯಿರಿ. ನಡುವಿನ ಕೋನ ತೋಳದಲ್ಲಿ ಸಾಮಾನ್ಯವಾಗಿ 40ರಿಂದ 45 ಡಿಗ್ರಿ, ನಾಯಿಯಲ್ಲಿ 53ರಿಂದ 60. ಜೊತೆಗೆ ಬುಲ್ಲಾ ನೋಡಿ: ತೋಳದ್ದು ದುಂಡಗೆ ಉಬ್ಬಿರುತ್ತದೆ, ನಾಯಿಯದು ಸಣ್ಣದು, ಚಪ್ಪಟೆ. ಎರಡೂ ಒಂದೇ ಕಡೆ ತೋರಿಸಿದರೆ ಮಾತ್ರ ಹೇಳಿ, ಒಂದು ಅತ್ತ ಒಂದು ಇತ್ತ ಇದ್ದರೆ ಸುಮ್ಮನಿರುವುದು ಮೇಲು.

ನರಿಯ ಬುರುಡೆ ಸುಮಾರು 15 ಸೆಂ.ಮೀ., ಬಾಲದ ತುದಿ ಕಪ್ಪಗಿರುವ ಸಣ್ಣ ನರಿಯದು ಸುಮಾರು 11. ಕಣ್ಣುಗೂಡಿನ ಹಿಂದೆ ಚಾಚಿದ ಎಲುಬಿನ ಮೇಲ್ಮೈ ಸಣ್ಣ ನರಿಯಲ್ಲಿ ಒಳಕ್ಕೆ ತಗ್ಗಿರುತ್ತದೆ, ನರಿಯಲ್ಲಿ ಉಬ್ಬಿರುತ್ತದೆ. ಕರಡಿಯಾದರೆ ಮೇಲ್ದವಡೆಯ ಮುಂದೆ ಬಾಚಿಹಲ್ಲು ಆರರ ಬದಲು ನಾಲ್ಕೇ, ನಡುವಿನ ಆ ಸಂದಿನಿಂದಲೇ ಅದು ಗೆದ್ದಲು ಹೀರುವುದು. ಮುಂಗುಸಿಗೂ ಪುನುಗು ಬೆಕ್ಕಿಗೂ 40 ಹಲ್ಲು, ನೀರುನಾಯಿಗೆ 36, ನಿಮ್ಮ ಬುರುಡೆಯ ಅಳತೆಗೆ ಇವು ಬರುವುದೇ ಇಲ್ಲ.

ಆ ಜಾಗದಲ್ಲಿ ಹೆಜ್ಜೆ ಗುರುತು ಇದ್ದರೆ ಅದನ್ನೂ ನೋಡಿ. ಕತ್ತೆಕಿರುಬದ ಮುಂಗಾಲಿನ ಹೆಜ್ಜೆ ಹಿಂಗಾಲಿನದಕ್ಕಿಂತ ಎದ್ದುಕಾಣುವಷ್ಟು ದೊಡ್ಡದು, ಉಗುರು ಮೂಡಿರುತ್ತದೆ. ಚಿರತೆಯ ಹೆಜ್ಜೆಯಲ್ಲಿ ಉಗುರು ಮೂಡುವುದಿಲ್ಲ, ಅಂಗಾಲಿನ ಹಿಂದಂಚಿನಲ್ಲಿ ಮೂರು ಉಬ್ಬು ಇರುತ್ತವೆ. ಬಿಳಿ ಹಿಕ್ಕೆ ಕಂಡ ಕೂಡಲೇ ಕತ್ತೆಕಿರುಬ ಅನ್ನಬೇಡಿ, ಎಲುಬು ತಿಂದ ನಾಯಿಯದೂ ಬೆಳ್ಳಗಾಗುತ್ತದೆ.

ಬುರುಡೆಯನ್ನು ಕುದಿಸಬೇಡಿ, ಒಂದೇ ಬೇರಿನ ಹಲ್ಲುಗಳು ಸಡಿಲಾಗಿ ಉದುರುತ್ತವೆ. ಚರ್ಮ, ಮಿದುಳು ಇನ್ನೂ ಉಳಿದಿದ್ದರೆ ರೇಬೀಸ್ ಭಯ ಇದೆ, ಮುಟ್ಟಲೇಬೇಡಿ. ಇನ್ನೊಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ತೋಳ, ಕತ್ತೆಕಿರುಬದಂಥ ಪ್ರಾಣಿಯ ಬುರುಡೆ ಸರ್ಕಾರದ ಆಸ್ತಿ. ಸಿಕ್ಕ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಯ ಅಧಿಕಾರಿಗೋ ತಿಳಿಸಬೇಕು. ಮನೆಗೆ ತಂದಿದ್ದರೆ ಶೋಕೇಸಿನಲ್ಲಿಡುವ ಯೋಚನೆ ಬಿಟ್ಟು ವಲಯ ಅರಣ್ಯ ಕಚೇರಿಗೆ ಒಪ್ಪಿಸಿ. ಅದಕ್ಕೂ ಮುಂಚೆ ಪಕ್ಕದಲ್ಲಿ ಸ್ಕೇಲು ಇಟ್ಟು ಮೇಲಿನಿಂದ, ಪಕ್ಕದಿಂದ, ಎದುರಿನಿಂದ, ಕೆಳಗಿನಿಂದ ಒಂದೊಂದು ಫೋಟೊ ತೆಗೆದು ಇಲ್ಲಿ ಹಾಕಿ. ಕೆಳಗಿನದು ಸ್ಪಷ್ಟವಾಗಿದ್ದರೆ ಕುಟುಂಬ ಹೇಳಲು ಅದೊಂದೇ ಸಾಕು.