‘ಎಲ್ಲ ತಾಯಂದಿರಿಗೂ’ ಎಂದು ಬರೆದವರಿಗೆ

ನಮಸ್ಕಾರ. ಆಸ್ಟ್ರೇಲಿಯಾದ ಚಿನ್ನದ ಗಣಿಯಲ್ಲಿ ದುಡಿದು, ಮೂರು ಸಲ ಪ್ರಧಾನಿಯಾದ ಲೇಬರ್ ನಾಯಕ ಆಂಡ್ರ್ಯೂ ಫಿಶರ್ ಕುರಿತ ನಿಮ್ಮ ಲೇಖನ ಓದಿದೆ. ವಿಷಯ ಹೊಸದು, ಭಾಷೆಯಲ್ಲಿ ತಡವರಿಕೆಯಿಲ್ಲ. ಆದರೆ ಎರಡು ಸಾಲುಗಳು ಎರಡು ದಿನ ನನ್ನ ತಲೆ ತಿಂದವು.

ಮೊದಲನೆಯದು: ‘ಕಷ್ಟಗಳ ಕುಲುಮೆಯಲ್ಲಿ ಬೆಂದು ಅಪರಂಜಿಯಾದ ಧೀಮಂತ.’ ಯಾವ ಕಷ್ಟ? ಸ್ಕಾಟ್ಲೆಂಡಿನಲ್ಲಿ ಆಡುವ ವಯಸ್ಸಿಗೇ ಕಲ್ಲಿದ್ದಲ ಗಣಿಗಿಳಿದ ಹುಡುಗ. 17ಕ್ಕೇ ಕಾರ್ಮಿಕ ಸಂಘದ ಶಾಖೆಯ ಕಾರ್ಯದರ್ಶಿ. ಮುಷ್ಕರಕ್ಕೆ ಮುಂದೆ ನಿಂತಿದ್ದಕ್ಕೆ ಮಾಲೀಕರು ಕೆಲಸವೇ ಸಿಗದಂತೆ ಮಾಡಿದರು. 1885ರಲ್ಲಿ ಹಡಗು ಹತ್ತಿ ಕ್ವೀನ್ಸ್‌ಲ್ಯಾಂಡಿಗೆ, ಅಲ್ಲಿಂದ ಜಿಂಪಿಯ ಚಿನ್ನದ ಗಣಿಗೆ. 1893ರಲ್ಲಿ ಜಿಂಪಿಯ ಶಾಸಕ, 1896ರಲ್ಲಿ ಸೋಲು. ಇದೆಲ್ಲ ನಿಮ್ಮಲ್ಲಿ ಕೊನೆಗೆ ಇಸವಿಗಳ ಪಟ್ಟಿಯಾಗಿ ಬಿದ್ದಿದೆ. ಅಪರಂಜಿಯನ್ನು ತೆಗೆದು ಆ ಹುಡುಗನನ್ನು ಮೊದಲ ಪ್ಯಾರಾಕ್ಕೆ ತನ್ನಿ.

ಎರಡನೆಯದು: ‘1912ರಲ್ಲಿ ಎಲ್ಲ ತಾಯಂದಿರಿಗೂ ಐದು ಪೌಂಡ್ ಹೆರಿಗೆ ಭತ್ಯೆ ಕೊಟ್ಟ ಮಹಾನುಭಾವ.’ ಈ ‘ಎಲ್ಲ’ ಸುಳ್ಳು. ಮದುವೆಯಾಗದ ತಾಯಂದಿರಿಗೂ ಭತ್ಯೆ ಇತ್ತು. ಆ ಕಾಲಕ್ಕೆ ಅದೆಷ್ಟು ದೊಡ್ಡ ಮಾತು! ನೀವು ಅದನ್ನು ಬರೆದೇ ಇಲ್ಲ. ಆದರೆ ಏಷ್ಯಾದ ಹೆಂಗಸರಿಗೆ, ಅಲ್ಲಿನ ಮೂಲನಿವಾಸಿ ಹೆಂಗಸರಿಗೆ ಇಲ್ಲ ಎಂದು ಅದೇ ಕಾಯ್ದೆ ಬಾಯಿಬಿಟ್ಟು ಹೇಳಿತು. ನಿಮ್ಮ ಮುತ್ತಜ್ಜಿ ಅಲ್ಲಿ ಹೆತ್ತಿದ್ದರೆ ಒಂದು ಪೆನ್ನಿಯೂ ಸಿಗುತ್ತಿರಲಿಲ್ಲ. ಬಿಳಿಯರಲ್ಲದವರು ದೇಶಕ್ಕೆ ಬಂದು ನೆಲೆಸದಂತೆ ತಡೆಯುವ ‘ಬಿಳಿಯರ ಆಸ್ಟ್ರೇಲಿಯಾ’ ಎಂಬ ನೀತಿಯನ್ನು ಫಿಶರ್ ಅವರ ಪಕ್ಷ ಮನಸಾರೆ ಒಪ್ಪಿತ್ತು. ಕನ್ನಡದಲ್ಲಿ ಅವರ ಬದುಕು ಬರೆಯುವವರು ಇದನ್ನು ಹೇಗೆ ದಾಟಿಹೋದಿರಿ?

ನಾನೂ ಹೀಗೆ ದಾಟಿದವನೇ. ಕೆಲಸಕ್ಕೆ ಸೇರಿದ ಮೊದಲ ವರ್ಷ ಪಂಚಾಯಿತಿ ಅಧ್ಯಕ್ಷರೊಬ್ಬರ ಬಗ್ಗೆ ‘ಊರಿಗೆಲ್ಲ ನೀರು ಕೊಟ್ಟರು’ ಎಂದು ಬರೆದೆ. ಹಿರಿಯ ಉಪಸಂಪಾದಕರು ‘ಎಲ್ಲ’ ಎಂಬಲ್ಲಿ ಕೆಂಪು ಸುತ್ತು ಹಾಕಿ, “ಕೇರಿಗೆ ಹೋಗಿದ್ದೆಯಾ?” ಎಂದರು. ಹೋಗಿರಲಿಲ್ಲ. ಮರುದಿನ ಬಸ್ಸು ಹತ್ತಿದೆ. ಕೇರಿಯಲ್ಲಿ ನಲ್ಲಿಯೇನೋ ಇತ್ತು. ಅದರ ಬಾಯಿಗೆ ಜೇಡ ಬಲೆ ಕಟ್ಟಿತ್ತು. ವಾಪಸ್ ಬಂದು ಬರೆದದ್ದು ಅಚ್ಚಾಯಿತು. ಅಧ್ಯಕ್ಷರು ಕೊಟ್ಟ ನೀರೂ ಅದರಲ್ಲಿತ್ತು, ಆ ಜೇಡನೂ ಇತ್ತು.

ಐದು ಪೌಂಡ್ ಸಿಕ್ಕ ತಾಯಿ, ಸಿಗದ ತಾಯಿ ಇಬ್ಬರನ್ನೂ ಒಂದೇ ಪ್ಯಾರಾದಲ್ಲಿ ನಿಲ್ಲಿಸಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಿಮಗೆ ಎರಡು ಪುಟ ಇಟ್ಟಿದ್ದೇನೆ.